ಉಲ್ಲೇಖದ ಎಣಿಕೆಯೇ ವಿದ್ವತ್ತಿನ ಅಳತೆಯೇ?

ಡೊಂಬಿವಲಿ, ಥಾಣೆ, ಕಲ್ಯಾಣ್, ನವಿ ಮುಂಬಯಿಯ ಕನ್ನಡ ಮನೆಗಳಲ್ಲೂ ಈಗ ಮನೋವಿಜ್ಞಾನ, ನರವಿಜ್ಞಾನ ಓದುವ ಮಕ್ಕಳಿದ್ದಾರೆ. ಪಿಎಚ್‌.ಡಿ.ಗೆ ಗೈಡ್ ಹುಡುಕಲು ಹೊರಟವರು ಮೊದಲು ತೆರೆಯುವುದು ಗೂಗಲ್ ಸ್ಕಾಲರ್. ಅಲ್ಲಿ ಹೆಸರಿನ ಪಕ್ಕದಲ್ಲೇ ಒಟ್ಟು ಉಲ್ಲೇಖ ಎಷ್ಟು, ಎಚ್-ಇಂಡೆಕ್ಸ್ ಎಷ್ಟು ಎಂದು ಕಾಣುತ್ತದೆ. ಅಂಕಿ ದೊಡ್ಡದಿದ್ದರೆ ಆಳೂ ದೊಡ್ಡವರು ಎಂದು ಅಲ್ಲಿಗೇ ತೀರ್ಮಾನವಾಗಿಬಿಡುತ್ತದೆ.

ಹೆಚ್ಚು ಉಲ್ಲೇಖವಾದದ್ದು ನಿಜವೇ ಇರಬೇಕು ಎಂಬುದು ಎಲ್ಲಕ್ಕಿಂತ ಅಪಾಯಕಾರಿ ನಂಬಿಕೆ. ಉಲ್ಲೇಖವೆಂದರೆ ಇನ್ನೊಬ್ಬರು ತಮ್ಮ ಪ್ರಬಂಧದಲ್ಲಿ ಹೆಸರಿಸಿದರು ಎಂದಷ್ಟೇ. ಒಪ್ಪಿ ಹೆಸರಿಸಿದರೋ ಅಲ್ಲಗಳೆಯಲು ಹೆಸರಿಸಿದರೋ, ಎಣಿಕೆಗೆ ಗೊತ್ತಾಗದು. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೀ 12 ಮಕ್ಕಳ ವಿವರ ಮುಂದಿಟ್ಟು, ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಶಂಕೆ ಎಬ್ಬಿಸಿದರು. 2010ರಲ್ಲಿ ಪತ್ರಿಕೆ ಅದನ್ನು ಹಿಂಪಡೆಯಿತು. ಆ ಪ್ರಬಂಧಕ್ಕೆ ಸಿಕ್ಕ ಉಲ್ಲೇಖಗಳು ಸಾವಿರಕ್ಕೂ ಮಿಕ್ಕಿವೆ, ಬಹುಪಾಲು ಅದರ ತಪ್ಪನ್ನು ಎತ್ತಿ ತೋರಿಸುವಂಥವು. ಲೆಕ್ಕದಲ್ಲಿ ಅವೂ ಲೇಖಕರ ಖಾತೆಗೇ ಜಮೆ.

ಹೆಸರಾದ ಸಂಶೋಧನೆ ಹೇಳಿದ್ದೇ ಬೇರೆ, ಬಾಯಿಂದ ಬಾಯಿಗೆ ಹರಡಿದ್ದೇ ಬೇರೆ ಆಗಿರುವುದೂ ಉಂಟು. ‘ಮೊಜಾರ್ಟ್ ಸಂಗೀತ ಕೇಳಿಸಿದರೆ ಮಗು ಬುದ್ಧಿವಂತವಾಗುತ್ತದೆ’ ಎಂಬ ಮಾತಿನ ಮೂಲವನ್ನೇ ನೋಡಿ. 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಆ ಪ್ರಯೋಗ ನಡೆದದ್ದು 36 ಮಂದಿ ಕಾಲೇಜು ವಿದ್ಯಾರ್ಥಿಗಳ ಮೇಲೆ. ಆ ಸಂಗೀತ ಕೇಳಿದ ಮೇಲೆ, ಆಕಾರಗಳನ್ನು ಮನಸ್ಸಿನಲ್ಲೇ ಊಹಿಸಿ ನೋಡುವ ಕೆಲಸದಲ್ಲಿ ಅವರಿಗೆ ತುಸು ಹೆಚ್ಚು ಅಂಕ ಬಂತು. ಪರಿಣಾಮ ಉಳಿದದ್ದು 10–15 ನಿಮಿಷ. ಅಲ್ಲಿ ಒಂದು ಹಸುಗೂಸೂ ಇರಲಿಲ್ಲ! ಮಿದುಳು ಚುರುಕು ಮಾಡುವ ಕ್ಲಾಸಿಗೆ ದುಡ್ಡು ಕಟ್ಟುವ ಮೊದಲು, ಕ್ಲಾಸಿನವರು ತೋರಿಸುವ ಸಂಶೋಧನೆ ಯಾವ ವಯಸ್ಸಿನವರ ಮೇಲೆ ನಡೆದದ್ದು ಎಂದು ತಂದೆತಾಯಿ ವಿಚಾರಿಸಲೇಬೇಕು.

ಎಚ್-ಇಂಡೆಕ್ಸ್ ಕಮ್ಮಿಯಿದ್ದರೆ ಕೆಲಸವೂ ಕಮ್ಮಿ ಎನ್ನುವುದು ಇನ್ನೊಂದು ತಪ್ಪು. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಸೂಚಿಸಿದ ಅಳತೆಯಿದು. ಕನಿಷ್ಠ ಹತ್ತು ಹತ್ತು ಉಲ್ಲೇಖ ಪಡೆದ ಹತ್ತು ಪ್ರಬಂಧಗಳಿದ್ದರೆ ಇಂಡೆಕ್ಸ್ 10. ಆದರೆ ಮಕ್ಕಳು ಬೆಳೆಯುವುದನ್ನು ಕಾದು ನೋಡುವ ವಿಜ್ಞಾನದಲ್ಲಿ ಪ್ರಬಂಧಗಳು ಬೇಗ ಹುಟ್ಟುವುದಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರ ಅಧ್ಯಯನ ಶುರುವಾಯಿತು. ಅವರ ಮಕ್ಕಳಿಗೆ 9–10 ವರ್ಷವಾದ ಮೇಲೆ ನೆನಪು, ಗಮನ, ಭಾಷೆಯ ಪರೀಕ್ಷೆ ನಡೆಯಿತು. ಬಸಿರಿನಲ್ಲಿ ಫೋಲೇಟ್ ಮಟ್ಟ ಚೆನ್ನಾಗಿದ್ದ ತಾಯಂದಿರ ಮಕ್ಕಳು ಹೆಚ್ಚು ಅಂಕ ಪಡೆದರು ಎಂಬ ಪ್ರಬಂಧ ಬಂದದ್ದು 2010ರಲ್ಲಿ. ಇಂಥ ತಾಳ್ಮೆಯ ಕೆಲಸವನ್ನು ವರ್ಷಕ್ಕೆ ಹತ್ತಾರು ಪ್ರಬಂಧ ಹೊರಡಿಸುವ ಕ್ಷೇತ್ರದ ಅಂಕಿಗಳ ಪಕ್ಕದಲ್ಲಿಟ್ಟು ತೂಗುವುದು ಅನ್ಯಾಯ.

ಪರದೆಯ ಮೇಲಿನ ಉಲ್ಲೇಖವೆಲ್ಲ ಆ ಒಬ್ಬರದೇ ಎಂದೂ ನಂಬಬೇಡಿ. ನಮ್ಮಲ್ಲಿ ಎಸ್. ಶೆಟ್ಟಿ, ಕೆ. ರಾವ್ ಎಂಬ ಹೆಸರಿನವರು ಎಷ್ಟು ಮಂದಿ! ಒಬ್ಬರ ಪ್ರಬಂಧ ಇನ್ನೊಬ್ಬರ ಪಟ್ಟಿಗೆ ಸೇರುವುದು ಸುಲಭ. ಅದಕ್ಕೆಂದೇ 2012ರಲ್ಲಿ ಆರ್ಕಿಡ್ ಎಂಬ 16 ಅಂಕಿಯ ಗುರುತಿನ ಸಂಖ್ಯೆ ಬಂತು. ಅದನ್ನು ಮೊದಲು ನೋಡಿ.

ಉಲ್ಲೇಖವಿಲ್ಲದ್ದು ಉಪಯೋಗಕ್ಕೆ ಬಾರದ್ದು ಎನ್ನುವವರಿಗೆ ವಿ. ವಿ. ಕಾಮತರ ಹೆಸರು ಹೇಳಬೇಕು. ಫ್ರಾನ್ಸಿನ ಬಿನೆ ಬುದ್ಧಿಶಕ್ತಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿ, ಅವರು 1934ರಲ್ಲೇ ಬ್ರಿಟನ್ನಿನ ಶೈಕ್ಷಣಿಕ ಮನೋವಿಜ್ಞಾನದ ಪತ್ರಿಕೆಯಲ್ಲಿ ಪ್ರಕಟಿಸಿದರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಆಡುವ ಡೊಂಬಿವಲಿಯ ಮಗುವಿಗೆ ಇದಕ್ಕಿಂತ ಹತ್ತಿರದ ಕೆಲಸ ಯಾವುದಿದೆ? ಬಿನೆ-ಕಾಮತ್ ಪರೀಕ್ಷೆ ಇಂದಿಗೂ ನಮ್ಮ ದೇಶದಲ್ಲಿ ಬಳಕೆಯಲ್ಲಿದೆ. ಮಗುವಿನ ಐಕ್ಯೂ ವರದಿಯಲ್ಲಿ ಆ ಪರೀಕ್ಷೆಯ ಹೆಸರು ಬರೆದಾಗಲೆಲ್ಲ ಕಾಮತರ ದುಡಿಮೆ ನೆರವಿಗೆ ಬಂದಂತೆಯೇ. ಆದರೆ ಕ್ಲಿನಿಕ್ಕಿನ ವರದಿ ಸ್ಕಾಲರ್‌ನ ಲೆಕ್ಕಕ್ಕೆ ಸೇರುವುದಿಲ್ಲ. ಹಾಗೆಂದು ಬಳಕೆಯಲ್ಲಿದೆ ಎಂದ ಮಾತ್ರಕ್ಕೆ ಆ ಪರೀಕ್ಷೆಯ ಮಾನದಂಡ ಹೊಸದಾಗುವುದೂ ಇಲ್ಲ. ಅಂದಿನ ಮಕ್ಕಳೇ ಬೇರೆ, ಇಂದಿನವರೇ ಬೇರೆ. ವರದಿ ಕೈಗೆ ಬಂದಾಗ ನಮ್ಮ ಮಗುವನ್ನು ಯಾವ ಕಾಲದ, ಯಾವ ಭಾಷೆಯ ಮಕ್ಕಳ ಜತೆ ಹೋಲಿಸಿದ್ದೀರಿ ಎಂದು ಮನೋವಿಜ್ಞಾನಿಯನ್ನು ಸಂಕೋಚವಿಲ್ಲದೆ ಕೇಳಿ.