ನಾಲೆ ನೀರಿಗೆ ಮುಂಚೆ ಮಣ್ಣಿನ ಲೆಕ್ಕ: ಒಂದು ಪ್ರಶ್ನೆಗೆ ಕೃಷಿ ವಿವಿಯ ಐದು ಉತ್ತರ

‘ಯೂನಿವರ್ಸಿಟಿಯವ್ರು ಅಷ್ಟೆಲ್ಲಾ ಸಂಶೋಧನೆ ಮಾಡ್ತಾರಂತ, ನಮ್ ಹೊಲಕ್ಕ ಏನ್ ಬಂತು?’ ನಮ್ಮ ಪಾಮನಕಲ್ಲೂರು ಭಾಗದಲ್ಲಿ ಈ ಮಾತು ಆಗಾಗ ಕೇಳ್ತೀನಿ. ನನ್ನ ಪ್ರಕಾರ ಬಂದಿದ್ದು ಕಮ್ಮಿಯಲ್ಲ. ಆದ್ರೆ ಅದು ಒಂದೇ ಬಾಗಿಲಲ್ಲಿ ಸಿಗಲ್ಲ, ಬೇರೆ ಬೇರೆ ವಿಭಾಗಗಳಲ್ಲಿ ಹಂಚಿಹೋಗಿದೆ.

ಒಂದು ಪ್ರಶ್ನೆ ಇಟ್ಕೊಂಡೇ ನೋಡೋಣ. ನಾರಾಯಣಪುರ ಬಲದಂಡೆಯ 5ಎ ನಾಲೆಗಾಗಿ ನಮ್ಮೂರಲ್ಲಿ 2020ರಲ್ಲಿ ಶುರುವಾದ ಧರಣಿ ಎಲ್ಲರಿಗೂ ಗೊತ್ತು. ನೀರು ಯಾವ ಯೋಜನೆಯಿಂದ ಬಂದ್ರೂ ಬರಲಿ, ಬರಬೇಕು. ಬಂದ ಮೇಲೆ ಈ ಎರಿ ಭೂಮಿ ಏನಾಗುತ್ತೆ? ಪಕ್ಕದ ಸಿಂಧನೂರು ಕಡೆ ತುಂಗಭದ್ರಾ ನೀರು ಹರಿದು ದಶಕಗಳಾದವು. ಮಿತ ನೀರಾವರಿಗೆ ಅಂತ ಗುರುತಿಸಿದ ಹೊಲಗಳಲ್ಲೂ ನೆಲ್ಲು ಹಬ್ಬಿತು. ನೀರು ಬಸಿದು ಹೋಗಲು ದಾರಿಯಿಲ್ಲದ ಕಡೆ ಸವಳು-ಜವಳು ಕಾಣಿಸಿಕೊಂಡಿತು.

2008ರಲ್ಲಿ ಶುರುವಾದ ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಒಬ್ಬೊಬ್ಬರು ಒಂದೊಂದು ಕಡೆಯಿಂದ ಉತ್ತರ ಹುಡುಕ್ತಾರೆ.

ಮಣ್ಣು ವಿಜ್ಞಾನ: ಮೊದಲು ಅಳತೆ ಮಾಡು ಅನ್ನುತ್ತೆ. ಇಸಿ 4 ಡೆಸಿಸೈಮನ್ಸ್ ದಾಟಿದ್ರೆ ಅದು ಉಪ್ಪಿನ ಮಣ್ಣು. ಪಿಎಚ್ 8.5 ದಾಟಿ ಸೋಡಿಯಂ ಪಾಲು ಜಾಸ್ತಿ ಇದ್ರೆ ಕ್ಷಾರ. ಜಿಪ್ಸಂ ಕೆಲಸ ಮಾಡೋದು ಕ್ಷಾರಕ್ಕೆ. ಬರೀ ಉಪ್ಪಿಗೆ ಜಿಪ್ಸಂ ಸುರಿದ್ರೆ ದುಡ್ಡು ದಂಡ.

ಕೃಷಿ ಎಂಜಿನಿಯರಿಂಗ್: ಉಪ್ಪು ಕರಗಿದ ನೀರು ಹೊಲದಿಂದ ಆಚೆ ಹೋಗಬೇಕು. ಗಂಗಾವತಿ ಕೇಂದ್ರದಲ್ಲಿ ನೆಲದೊಳಗೆ ತೂತಿನ ಪೈಪ್ ಹೂತು ನೀರು ಬಸಿಯುವ ಪದ್ಧತಿ ಮೇಲೆ ಬಹಳ ಕೆಲಸ ನಡೆದಿದೆ.

ತಳಿ ವಿಭಾಗ: ಸವಳು ತಡೆಯುವ ಜಿಎನ್‌ವಿ 10-89 ಭತ್ತ ಗಂಗಾವತಿಯಿಂದಲೇ ಬಂತು. ನೆಟೆ ರೋಗ ತಾಳುವ ಟಿಎಸ್-3ಆರ್ ತೊಗರಿ ಕೊಟ್ಟಿದ್ದು ಕಲಬುರಗಿ ಕೇಂದ್ರ.

ಕೀಟಶಾಸ್ತ್ರ: ಬೆಳೆ ಬದಲಾದ್ರೆ ಹುಳವೂ ಬದಲಾಗುತ್ತೆ. ಹೊಲದಲ್ಲೇ ಕೀಟ, ರೋಗ ಗುರುತಿಸಿ ಪರಿಹಾರ ಹೇಳಲು ರೂಪಿಸಿದ ಇ-ಸ್ಯಾಪ್ ತಂತ್ರಾಂಶದ ಹಿಂದೆ ಇದೇ ವಿವಿಯ ಕೆಲಸ ಇದೆ.

ಅರ್ಥಶಾಸ್ತ್ರ: ಖರ್ಚು ಎಷ್ಟು, ವಾಪಸ್ ಎಷ್ಟು, ಒಬ್ಬನೇ ಮಾಡೋಕಾಗುತ್ತಾ? ನನ್ನ ಹೊಲದ ಬಸಿಗಾಲುವೆ ನಿಮ್ಮ ಹೊಲ ದಾಟಿಯೇ ಹಳ್ಳ ಸೇರಬೇಕು. ಅಲ್ಲಿಗೆ ಇದು ಇಡೀ ಊರಿನ ಲೆಕ್ಕ.

ಇವೆಲ್ಲ ಒಂದೇ ದಿಕ್ಕಿಗೆ ಹೋಗಲ್ಲ. ಹೊಸ ತಳಿ ಬಂದ್ರೆ ಸವಳಲ್ಲೂ ನೆಲ್ಲು ಮುಂದುವರಿಸಬಹುದು ಅನ್ಸುತ್ತೆ. ಆದ್ರೆ ತಳಿ ಉಪ್ಪನ್ನು ತಾಳಿಕೊಳ್ಳುತ್ತೆ, ತೆಗೆಯಲ್ಲ. ನಾನು ಸಾವಯವ ಮಾಡೋನು, ಕೊಟ್ಟಿಗೆ ಗೊಬ್ಬರ, ಡಯಾಂಚ ಹಾಕಿದ್ರೆ ಮಣ್ಣಿನ ರಚನೆ ಸುಧಾರಿಸೋದು ನಿಜ. ಆದ್ರೂ ಬಸಿಯೋಕೆ ದಾರಿ ಇಲ್ಲದಿದ್ರೆ ಉಪ್ಪು ಅಲ್ಲೇ ಕೂರುತ್ತೆ. ಹಾಗಾಗಿ ನನ್ನ ಲೆಕ್ಕದಲ್ಲಿ ಮೊದಲು ಮಣ್ಣಿನ ಪರೀಕ್ಷೆ, ಆಮೇಲೆ ಬಸಿಗಾಲುವೆ, ಆಮೇಲೆ ಬೆಳೆ, ಕೊನೆಗೆ ತಳಿ. ನಾವು ಬಹಳ ಜನ ಉಲ್ಟಾ ಹೋಗ್ತೀವಿ, ಬೀಜದ ಅಂಗಡಿಯಿಂದ ಶುರು ಮಾಡ್ತೀವಿ.

ಸಂಶೋಧನೆ ಓದೋಕೆ ರಾಯಚೂರಿಗೇ ಹೋಗಬೇಕಂತಿಲ್ಲ. ‘ಕೃಷಿಕೋಶ’ ಜಾಲತಾಣದಲ್ಲಿ ದೇಶದ ಕೃಷಿ ವಿವಿಗಳ ವಿದ್ಯಾರ್ಥಿಗಳು ಬರೆದ ಪ್ರಬಂಧಗಳಿವೆ. ಹೆಚ್ಚಿನವು ಇಂಗ್ಲಿಷ್‌ನಲ್ಲಿವೆ, ಹೆದರಬೇಡಿ, ಫೋನಿನ ಅನುವಾದ ಸಾಕಾಗುತ್ತೆ. ಮೂರು ವಿಷಯ ಮಾತ್ರ ತಪ್ಪದೆ ನೋಡಿ:

1. ಪ್ರಯೋಗ ನಡೆದ ಮಣ್ಣು ಎರಿಯೋ, ಮಸಾರಿಯೋ?
2. ಮಳೆಯಾಶ್ರಿತವೋ, ನೀರಾವರಿಯೋ?
3. ಎಷ್ಟು ಹಂಗಾಮು ಮಾಡಿದ್ದಾರೆ? ಒಂದೇ ವರ್ಷದ ಫಲಿತಾಂಶ ನಂಬಿ ಇಡೀ ಹೊಲ ಬದಲಿಸಬೇಡಿ.

ಅರ್ಥವಾಗದ್ದನ್ನು ಬರೆದಿಟ್ಟುಕೊಂಡು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ‘ಸರ್, ಒಳ್ಳೆ ತಳಿ ಯಾವುದು?’ ಅಂದ್ರೆ ಒಂದು ಹೆಸರು ಸಿಗುತ್ತೆ. ‘ನನ್ನ ಹೊಲದ ಇಸಿ ಇಷ್ಟಿದೆ, ಏನ್ ಮಾಡಲಿ?’ ಅಂದ್ರೆ ಸರಿಯಾದ ಚರ್ಚೆ ಶುರುವಾಗುತ್ತೆ.

ಬೆಳೆ ಕಟಾವಾದ ಮೇಲೆ, ಬಿತ್ತನೆಗೆ ಮುಂಚೆ ಮಣ್ಣು ತೆಗೆಯಿರಿ. ಮೇಲಿನ 15 ಸೆಂ.ಮೀ. ಒಂದು ಚೀಲ, ಎರಡು-ಮೂರು ಅಡಿ ಆಳದ್ದು ಇನ್ನೊಂದು ಚೀಲ. ಎರಿ ಭೂಮಿಯಲ್ಲಿ ಉಪ್ಪು ಕೆಳಗೆ ಅಡಗಿರಬಹುದು, ನೀರು ನಿಂತಾಗ ಮೇಲೇರುತ್ತೆ. ಪರೀಕ್ಷೆಯ ವರದಿಯ ಫೋಟೋ ಫೋನಲ್ಲಿಟ್ಟುಕೊಳ್ಳಿ. ನಾಲೆ ಬಂದು ಐದು ವರ್ಷಕ್ಕೆ ಹೊಲ ಸುಧಾರಿಸಿತಾ, ಕೆಟ್ಟಿತಾ ಅಂತ ಹೇಳೋಕೆ ಇವತ್ತಿನ ಈ ಅಂಕಿಯೇ ಬೇಕು. ನೀರು ಬಂದ ಮೇಲೆ ಅದನ್ನು ಅಳೆಯೋಕಾಗಲ್ಲ.