ವೀಣೆ ಕಲಿಯಲೆಳಸುವವರಿಗೆ

ಪ್ರಶ್ನೆ: ವೀಣಾಭ್ಯಾಸವನ್ನು ಆರಂಭಿಸುವವರು ಮೊದಲು ಗಮನಿಸಬೇಕಾದುದೇನು?
– ಓದುಗರೊಬ್ಬರು, ಜನ್ನಾಪುರ, ಭದ್ರಾವತಿ

ಉತ್ತರ: ವೀಣೆಯ ಏಳು ತಂತಿಗಳಲ್ಲಿ ಸಾರಣಿ, ಪಂಚಮ, ಮಂದ್ರ, ಅನುಮಂದ್ರಗಳೆಂಬ ನಾಲ್ಕು, 24 ಮೆಟ್ಟಿಲುಗಳ ಮೇಲೆ ಹಾಯ್ದಿರುವುವು; ಉಳಿದ ಮೂರು ತಾಳದ ತಂತಿಗಳು. ಬಲಗೈಯ ತೋರುಬೆರಳು ನಡುಬೆರಳುಗಳು ಮೊದಲಿನವನ್ನೂ ಕಿರುಬೆರಳು ತಾಳದ ತಂತಿಗಳನ್ನೂ ಮೀಟುವ ಕ್ರಮವು ಕೈಗೆ ಒಗ್ಗುವ ತನಕ, ಮಾಯಾಮಾಳವಗೌಳದ ಸರಳೆ ವರಿಸೆಗಳನ್ನು ವಿಳಂಬಕಾಲದಲ್ಲಿಯೇ ಸಾಧಿಸುವುದು ಶ್ರೇಯಸ್ಕರ. ಎಡಗೈಯ ಬೆರಳ ತುದಿಗಳಲ್ಲಿ ತಂತಿಯ ಗೆರೆ ಮೂಡಿ ಉರಿಯುವುದು ಸಹಜವಾದುದರಿಂದ, ವಾರಕ್ಕೊಮ್ಮೆ ದೀರ್ಘಕಾಲ ಕುಳಿತುಕೊಳ್ಳುವುದಕ್ಕಿಂತ ದಿನವೂ ಸ್ವಲ್ಪ ಹೊತ್ತಿನ ಸಾಧನೆಯೇ ಲೇಸು. ತಂತಿಯನ್ನೆಳೆದು ಗಮಕವನ್ನು ನುಡಿಸುವ ಮುನ್ನ ಅದನ್ನು ಕಂಠದಲ್ಲಿ ಹಾಡಿಕೊಳ್ಳಬೇಕು; ಎಷ್ಟು ಎಳೆಯಬೇಕೆಂಬುದನ್ನು ಕಿವಿಯೇ ಹೇಳಬೇಕಲ್ಲದೆ ಕಣ್ಣಲ್ಲ. ವೀಣೆ ಶೇಷಣ್ಣನವರ (1852–1926) ಶಿಷ್ಯರಾದ ವೆಂಕಟಗಿರಿಯಪ್ಪನವರಲ್ಲಿ ಕಲಿತ ದೊರೆಸ್ವಾಮಿ ಅಯ್ಯಂಗಾರ್ಯರ ಧ್ವನಿಮುದ್ರಣಗಳನ್ನು ಆಲಿಸಿದರೆ ಮೈಸೂರು ಬಾನಿಯ ನಿಚ್ಚಳವಾದ ಮೀಟು ಮನದಟ್ಟಾಗುವುದು.

ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿರುವುದರಿಂದ ವಾದ್ಯವನ್ನು ಬಿಸಿಲಿಗಿಡಬಾರದು. ಬೇಸಗೆಯಲ್ಲಿ ಮೇಣ ಮೆದುವಾಗಿ ಶ್ರುತಿ ಕೆಟ್ಟಿತೆಂದು ತೋರಿದರೆ, ತಾವೇ ಮೆಟ್ಟಿಲನ್ನು ಒತ್ತಿ ಸರಿಸಹೋಗದೆ, ಮೇಳ ಕಟ್ಟಬಲ್ಲ ಕುಶಲಕರ್ಮಿಗೆ ಒಪ್ಪಿಸುವುದೇ ವಿಹಿತ.