ಎಲ್ಕ್ ಬೇಟೆ: ಯಾವ ಬಾಣ, ಎಷ್ಟು ದೂರ?

ಅಮೆರಿಕದ ಕೊಲೊರಾಡೊ ಬೆಟ್ಟಗಳಲ್ಲಿ ಸೆಪ್ಟೆಂಬರ್ ಅಂದ್ರೆ ಎಲ್ಕ್ ಎಂಬ ದೊಡ್ಡ ಜಿಂಕೆಗಳ ಬೆದೆಗಾಲ. ಪರವಾನಗಿ ಪಡೆದ ಬಿಲ್ಲುಗಾರರು ಕಾಡಿಗಿಳಿಯೋದೂ ಆಗಲೇ.

ಗಂಡು ಎಲ್ಕ್ 300 ಕಿಲೋ ದಾಟುತ್ತೆ. ಹಗುರ ಬಾಣ ಸಾಲದು. ಸಾಂಪ್ರದಾಯಿಕ ಬಿಲ್ಲಿನವರ ರೂಢಿ ಲೆಕ್ಕ: ಬಿಲ್ಲಿನ ಎಳೆತದ ಪ್ರತಿ ಪೌಂಡಿಗೆ ಸುಮಾರು 10 ಗ್ರೇನ್ ಬಾಣದ ತೂಕ. 50 ಪೌಂಡ್ ಬಿಲ್ಲಿಗೆ 500 ಗ್ರೇನ್, ಅಂದ್ರೆ 32 ಗ್ರಾಂ ಬಾಣ. ವೇಗ ಕಮ್ಮಿಯಾಗುತ್ತೆ, ಆಗಲಿ; ಆಳಕ್ಕೆ ಇಳಿಯೋದು ಮುಖ್ಯ. ಬಾಣದ ಬಿಗುವು ಬಿಲ್ಲಿಗೆ ಹೊಂದದಿದ್ರೆ ಅದು ಓಲಾಡುತ್ತಾ ಹಾರುತ್ತೆ, ಬಲ ದಾರಿಯಲ್ಲೇ ಸೋರಿಹೋಗುತ್ತೆ. ಅಲಗು? ಕೂದಲು ಬೋಳಿಸುವಷ್ಟು ಹರಿತ. ಇದರಲ್ಲಿ ರಾಜಿಯೇ ಇಲ್ಲ.

ಅಭ್ಯಾಸ 35 ಗಜದವರೆಗೂ ಇರಲಿ, ಕೈಯ ತಪ್ಪು ದೂರದಲ್ಲೇ ಕಾಣೋದು. ಬೇಟೆಗೆ ಮಾತ್ರ 20 ಗಜ ಸಾಕು. ಮೈ ಬಿಸಿಯಾದ ಮೇಲೆ ಹೊಡೆದ ಐವತ್ತನೇ ಬಾಣ ಲೆಕ್ಕಕ್ಕಿಲ್ಲ. ಬೆಳಗಿನ ಚಳಿಯಲ್ಲಿ ಹೊಡೆದ ಮೊದಲನೆಯದೇ ಲೆಕ್ಕ. ಅದು ಊಟದ ತಟ್ಟೆಯಷ್ಟು ಜಾಗದೊಳಗೆ ನೆಡದ ದೂರದಿಂದ ಎಲ್ಕ್‌ನತ್ತ ಬಾಣ ಬಿಡಬೇಡಿ.